ಕೋರ್ಸ್ ಮುಗಿದು ಐದು ತಿಂಗಳಾಯ್ತು, ದುಡ್ಡು ಕೊಟ್ಟು ಅನುಭವ ಪತ್ರ ತಗೊಳ್ಳೋದಾ?

ಸಾಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿಕಾಂ ಮುಗಿಸಿ ಎರಡು ವರ್ಷ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೀತಿದ್ದೆ. ಕೋಡಿಂಗ್ ಕಲೀಬೇಕು ಅನ್ನೋ ಆಸೆಗೆ ಅಪ್ಪ ಸೊಸೈಟೀಲಿ ಸಾಲ ತೆಗೆದುಕೊಟ್ಟರು. ಬಿಟಿಎಂ ಲೇಔಟಲ್ಲಿ ಪಿಜಿ ಹಿಡಿದು ಆರು ತಿಂಗಳ ಫುಲ್ ಸ್ಟ್ಯಾಕ್ ಕೋರ್ಸ್ ಮಾಡಿದೆ. ಜಾವಾ, ಎಸ್‌ಕ್ಯೂಎಲ್, ರಿಯಾಕ್ಟ್ ಮೂರೂ ನಿಜಕ್ಕೂ ಬರುತ್ತೆ.

ಕೆಲಸ ಮಾತ್ರ ಸಿಗ್ತಿಲ್ಲ. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ದಿನಾ ಅರ್ಜಿ ಹಾಕ್ತೀನಿ. ಎಲೆಕ್ಟ್ರಾನಿಕ್ ಸಿಟೀಲಿ ವಾಕ್-ಇನ್ ಅಂತ ಬೆಳಗ್ಗೆ ಏಳಕ್ಕೇ ಹೋಗಿ ಸಾಲಲ್ಲಿ ನಿಂತೆ. ಹನ್ನೊಂದು ಗಂಟೆಗೆ ರೆಸ್ಯೂಮ್ ನೋಡಿ 'ಬಿಇ ಮಾತ್ರ' ಅಂತ ವಾಪಸ್ ಕೊಟ್ಟರು. ನನ್ನ ಪ್ರಾಜೆಕ್ಟ್ ಅಂದ್ರೆ ಶಾಪಿಂಗ್ ಸೈಟ್, ಟು-ಡೂ ಆ್ಯಪ್. ಬ್ಯಾಚಿನ ಎಲ್ಲರದ್ದೂ ಅದೇ.

ಈಗ ಒಬ್ಬ ಕನ್ಸಲ್ಟೆನ್ಸಿಯವರು 80,000 ಕೊಟ್ರೆ ಎರಡು ವರ್ಷದ ಅನುಭವ ಪತ್ರ, ಪೇಸ್ಲಿಪ್ ಎಲ್ಲಾ ಮಾಡಿಕೊಡ್ತೀವಿ ಅಂತಿದ್ದಾರೆ. ಜೊತೆಯಲ್ಲಿದ್ದ ಮೂವರು ತಗೊಂಡಾಯ್ತು. ನನಗೆ ಮನಸ್ಸು ಒಪ್ತಿಲ್ಲ. ಆದ್ರೆ ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ 'ಊಟ ಆಯ್ತಾ' ಅಂತ ಮಾತ್ರ ಕೇಳ್ತಾರೆ, ಕೆಲಸದ ಸುದ್ದೀನೇ ಎತ್ತಲ್ಲ. ಅದು ತಡ್ಕೊಳ್ಳೋಕಾಗ್ತಿಲ್ಲ.

ಬ್ಯಾಕೆಂಡ್ ಅಕ್ಕ:
ತಂಗಿ, ದಯವಿಟ್ಟು ಬೇಡ. ಕಂಪನಿಗಳು ಆಫರ್ ಕೊಟ್ಟ ಮೇಲೂ ಹಿನ್ನೆಲೆ ತಪಾಸಣೆ ಮಾಡಿಸ್ತಾವೆ. ಅಲ್ಲಿ ಕೇಳೋದು ನಿಮ್ಮ ಪಿಎಫ್‌ನ ಯುಎಎನ್ ಸರ್ವಿಸ್ ಹಿಸ್ಟರಿ (ಯಾವ ಕಂಪನೀಲಿ ಯಾವಾಗಿಂದ ಯಾವಾಗಿನ ತನಕ ಇದ್ರಿ ಅನ್ನೋ ದಾಖಲೆ), ಇಲ್ಲಾಂದ್ರೆ ಫಾರ್ಮ್ 26ಎಎಸ್ (ನಿಮ್ಮ ಹೆಸರಲ್ಲಿ ಯಾರು ತೆರಿಗೆ ಕಡಿತ ಮಾಡಿ ಕಟ್ಟಿದ್ದಾರೆ ಅನ್ನೋ ದಾಖಲೆ). ಪೇಸ್ಲಿಪ್ಪಲ್ಲಿ ಪಿಎಫ್ ಕಡಿತ ತೋರಿಸಿ, ಖಾತೇಲಿ ಒಂದು ರೂಪಾಯಿನೂ ಬಿದ್ದಿಲ್ಲ ಅಂದ್ರೆ ಅಲ್ಲೇ ಸಿಕ್ಕಿಬೀಳ್ತೀರಿ. ನಮ್ಮ ಟೀಮಲ್ಲೇ ಒಬ್ಬ ಹುಡುಗ ಹೀಗೆ ಬಂದಿದ್ದ. ಕೆಲಸ ಚೆನ್ನಾಗಿ ಮಾಡ್ತಿದ್ದ. ಮೂರನೇ ತಿಂಗಳು ವರದಿ ಬಂತು, ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಇಸ್ಕೊಂಡು ಕಳಿಸಿದ್ರು. ಅವತ್ತು ಅವನ ಮುಖ ನೋಡೋಕಾಗ್ಲಿಲ್ಲ.

ಒಂದು ಕೇಳ್ತೀನಿ: ಮಂಡಿ ಕೆಲಸಾನ ರೆಸ್ಯೂಮಲ್ಲಿ ಹಾಕಿದ್ದೀರಾ?

ಸಾಗರದ ಹುಡುಗಿ:
ಇಲ್ಲ ಅಕ್ಕ. 'ಐಟಿ ಅಲ್ಲದ್ದು ತೆಗಿ' ಅಂದಿದ್ರು ಕೋರ್ಸಲ್ಲಿ. ಮಂಡಿಗೆ ಅಂತ ಒಂದು ಚಿಕ್ಕ ಬಿಲ್ ಪ್ರೋಗ್ರಾಂ ಮಾಡಿದ್ದೆ, ಅದನ್ನೂ ಹಾಕಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆ ನೋಡಿ ತೂಕ ಹಾಕಿದ್ರೆ ಮುಂಗಡ ಕಳೆದು ರೈತರಿಗೆ ಕನ್ನಡದಲ್ಲೇ ಚೀಟಿ ಬರುತ್ತೆ. ಯಜಮಾನರು ಈಗ್ಲೂ ಅದನ್ನೇ ಬಳಸ್ತಿದ್ದಾರೆ.

ಮೊದಲ ವಾರ ಒಬ್ಬ ಅಜ್ಜ ಚೀಟಿ ವಾಪಸ್ ತಂದು 'ಇದು ನನ್ನ ಹೆಸರಲ್ಲ ಮಗಾ' ಅಂದ್ರು. ಶ್ರೀನಿವಾಸಮೂರ್ತಿ ಅಂತ ಇರಬೇಕಾದಲ್ಲಿ 'ಶ್ರೀನಿವಾಸಮೂರ' ಅಂತ ಬಂದಿತ್ತು. ಚೀಟಿ ಅಗಲ ಸಾಲಲ್ಲ ಅಂತ ಹೆಸರನ್ನ 12 ಅಕ್ಷರಕ್ಕೆ ಕತ್ತರಿಸಿದ್ದೆ. ನಾವು ಓದೋದು ಆರೇ ಅಕ್ಷರ, ಆದ್ರೆ ಯೂನಿಕೋಡಲ್ಲಿ (ಕಂಪ್ಯೂಟರ್ ಅಕ್ಷರಗಳನ್ನ ಇಟ್ಟುಕೊಳ್ಳೋ ಪದ್ಧತಿ) ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ, ಒಟ್ಟು 15 ಆಗುತ್ತೆ. ಕತ್ತರಿಸೋದು ಬಿಟ್ಟು, ಹೆಸರಿಗೆ ಎರಡು ಸಾಲು ಕೊಟ್ಟೆ.

ಬ್ಯಾಕೆಂಡ್ ಅಕ್ಕ:
ಇದನ್ನ ಮುಚ್ಚಿಟ್ಟು ಟು-ಡೂ ಆ್ಯಪ್ ತೋರಿಸ್ತಿದ್ದೀರಲ್ಲ! ನಾನು ಇಂಟರ್‌ವ್ಯೂ ತಗೋತೀನಿ. ಬಳಸೋರು ಬಂದು ದೂರು ಹೇಳಿ, ಅದರ ಕಾರಣ ಹುಡುಕಿ ಸರಿ ಮಾಡಿದ ಕಥೆ ಫ್ರೆಶರ್‌ಗಳ ಬಾಯಲ್ಲಿ ಕೇಳೋದು ಬಹಳ ಅಪರೂಪ. ಅದು ಮೊದಲ ಪುಟದ ಮೇಲ್ಗಡೆ ಇರಲಿ. ಬಿಲ್ಲಿಂಗ್, ಅಕೌಂಟಿಂಗ್ ಸಾಫ್ಟ್‌ವೇರ್ ಮಾಡೋ ಸಣ್ಣ ಕಂಪನಿಗಳಿಗೆ ನೇರ ಮೇಲ್ ಮಾಡಿ. ಜಿಎಸ್‌ಟಿ, ಲೆಡ್ಜರ್ ಗೊತ್ತಿರೋ ಡೆವಲಪರ್ ಅವರಿಗೆ ಬೇಕು.

ಟೆಸ್ಟಿಂಗಿಂದ ಬಂದವನು:
ನಾನೂ ಬಿಎಸ್ಸಿ. ಮೊದಲು ಸಪೋರ್ಟ್, ಆಮೇಲೆ ಟೆಸ್ಟಿಂಗ್, ಮೂರನೇ ವರ್ಷಕ್ಕೆ ಕೋಡ್ ಬರೆಯೋ ಕೆಲಸ ಸಿಕ್ತು. ದಾರಿ ಉದ್ದ, ಆದ್ರೆ ಪಿಎಫ್ ಖಾತೇಲಿ ಇರೋದೆಲ್ಲ ನಿಜ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ ಎನ್‌ಎಟಿಎಸ್ ಕೂಡ ನೋಡಿ. ಬಿಕಾಂ ಆದವರೂ ಅಲ್ಲಿ ಹೆಸರು ನೋಂದಾಯಿಸಬಹುದು, ಸ್ಟೈಪೆಂಡ್ ಇರುತ್ತೆ. ಮತ್ತೆ ಯಾರೇ ಕೇಳಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೈಬಿಡಬೇಡಿ.

ಸಾಗರದ ಹುಡುಗಿ:
ಹನ್ನೆರಡು ದಿನ ಆಯ್ತು. ಕನ್ಸಲ್ಟೆನ್ಸಿಗೆ ಬೇಡ ಅಂದೆ. 31 ಮೇಲ್ ಕಳಿಸಿದೆ, ನಾಲ್ಕು ಉತ್ತರ ಬಂತು. ಜಯನಗರದ ಒಂದು ಸಣ್ಣ ಕಂಪನಿಯವರು ಗುರುವಾರ ಬರೋಕೆ ಹೇಳಿದ್ದಾರೆ, 'ಆ ಚೀಟಿ ಪ್ರೋಗ್ರಾಂ ಓಡಿಸಿ ತೋರಿಸಿ' ಅಂತ. ಒಂದು ಅನುಮಾನ: ನನ್ನ ಹತ್ರ ಇರೋ ಡೇಟಾಬೇಸಲ್ಲಿ ರೈತರ ನಿಜವಾದ ಹೆಸರು, ಮುಂಗಡದ ಲೆಕ್ಕ ಇದೆ. ಹಾಗೇ ತೋರಿಸಬಹುದಾ?

ಬ್ಯಾಕೆಂಡ್ ಅಕ್ಕ:
ಬೇಡ. ಇವತ್ತೇ ಎಲ್ಲಾ ಹೆಸರು, ಮೊತ್ತ ಬದಲಾಯಿಸಿ ಇನ್ನೊಂದು ಕಾಪಿ ಮಾಡಿಕೊಳ್ಳಿ. ಯಾಕೆ ಬದಲಾಯಿಸಿದ್ರಿ ಅಂತ ಅವರು ಕೇಳ್ತಾರೆ, ಆಗ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಗುರುವಾರ ಸಂಜೆ ಇಲ್ಲಿ ಬಂದು ಬರೀರಿ, ಕಾಯ್ತಿರ್ತೀನಿ.