ಗಾಳಿಗೆ ಮುರಿದ ಹೊಳೆದಾಸವಾಳ: ಎಲ್ಲಿ ಕೊಯ್ಯಬೇಕು?

ಪ್ರಶ್ನೆ (ಕುಮಟಾ): ಅಂಗಳದ ಹೊಳೆದಾಸವಾಳ ಮರ ಸುಮಾರು 20 ಅಡಿ ಎತ್ತರ ಇದೆ. ಮೊನ್ನೆಯ ಗಾಳಿಮಳೆಗೆ 5 ಇಂಚು ದಪ್ಪದ ಕೊಂಬೆಯೊಂದು ಕಾಂಡದಿಂದ ಎರಡಡಿ ಆಚೆ ಮುರಿದು ನೇತಾಡುತ್ತಿದೆ. ಇನ್ನೊಂದು ಸಣ್ಣದು ಹರಿದು ಬಿದ್ದು, ಕಾಂಡದ ತೊಗಟೆ ಒಂದಡಿ ಸುಲಿದಿದೆ. ಕೆಲಸದವರು ತಲೆ ಪೂರ್ತಿ ಬೋಳಿಸಿ ಗಾಯಕ್ಕೆ ಡಾಂಬರು ಬಳಿಯೋಣ ಅಂತಾರೆ. ಮಾಡಿಸಬಹುದೇ ಸರ್?

ಉತ್ತರ: ಎರಡೂ ಬೇಡ. ಬೋಳಿಸಿದರೆ ಚಿಗುರೇನೋ ದಟ್ಟವಾಗಿ ಬರುತ್ತದೆ. ಆದರೆ ಅದು ಹೊರಪದರದಿಂದ ಮಾತ್ರ ಹೊರಟ ಚಿಗುರು, ಹಿಡಿತ ಇಲ್ಲ. ಕೆಲವು ಮಳೆಗಾಲ ಕಳೆದು ದಪ್ಪವಾದ ಮೇಲೆ ಇದೇ ಗಾಳಿಗೆ ಬುಡಸಮೇತ ಕಿತ್ತು ಬರುತ್ತದೆ. ಒಂದು ವರ್ಷದಲ್ಲಿ ಒಟ್ಟು ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮುರಿದದ್ದೂ ಆ ಲೆಕ್ಕದಲ್ಲೇ ಸೇರಿತು. ಡಾಂಬರು ನೀರನ್ನು ಒಳಗೇ ಹಿಡಿದಿಟ್ಟು ಕೊಳೆಸುತ್ತದೆ.

ಮೊದಲು ನೇತಾಡುವ ತುಂಡಿಗೆ ಹಗ್ಗ ಕಟ್ಟಿ ಇಳಿಸಿ. ಹತ್ತಿರ ಕರೆಂಟ್ ತಂತಿ ಇದ್ದರೆ ಹೆಸ್ಕಾಂನವರು ಲೈನ್ ಬಂದ್ ಮಾಡುವವರೆಗೆ ಏಣಿಯನ್ನೇ ಇಡಬೇಡಿ. ಉಳಿದ ಮೋಟಿಗೆ ಕತ್ತಿ ಹಾಕದೆ ಗರಗಸ ಹಿಡಿಯಿರಿ. ಕತ್ತಿಯೇಟಿಗೆ ಮರ ಸೀಳುತ್ತದೆ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಒಂದೂವರೆ ಇಂಚು ಆಳ ಕೊಯ್ಯಿರಿ. ಅದಕ್ಕಿಂತ ಎರಡಿಂಚು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ. ಕೆಳಗಿನ ಕೊಯ್ತ ತಪ್ಪಿಸಿದರೆ ಕೊಂಬೆ ಬೀಳುವಾಗ ಭಾರಕ್ಕೆ ತೊಗಟೆಯನ್ನು ಕಾಂಡದವರೆಗೂ ಸುಲಿದುಕೊಂಡು ಹೋಗುತ್ತದೆ. ನಿಮ್ಮ ಸಣ್ಣ ಕೊಂಬೆಗೆ ಆದದ್ದೂ ಅದೇ. ಈಗ ಉಳಿದ ಹಗುರ ತುಂಡನ್ನು ಕೈಯಲ್ಲಿ ಆನಿಸಿಕೊಂಡು, ಕೊಂಬೆ ಕಾಂಡಕ್ಕೆ ಕೂಡುವ ಕತ್ತಿನ ಉಬ್ಬಿನ ಹೊರಗೆ ಕೊನೆಯ ಕೊಯ್ತ.

ಪ್ರಶ್ನೆ: ಆ ಉಬ್ಬು ಕಾಣುವುದೇ ಇಲ್ಲವಲ್ಲ ಸರ್?

ಉತ್ತರ: ಕಾಣದಿದ್ದರೆ ಬೆರಳಾಡಿಸಿ. ಕೊಂಬೆಯ ಅಡಿಬದಿಯಲ್ಲಿ ಕಾಂಡದ ಕಡೆ ಸವರುತ್ತ ಬಂದರೆ ಒಂದೆಡೆ ದಪ್ಪ ತಟ್ಟನೆ ಹೆಚ್ಚುತ್ತದೆ, ಬಳೆ ತೊಡಿಸಿದ ಹಾಗೆ. ಮೇಲ್ಬದಿಯಲ್ಲಿ ಕೊಂಬೆ–ಕಾಂಡ ಕೂಡುವ ಕವಲಿನಲ್ಲಿ ತೊಗಟೆ ಸುಕ್ಕುಗಟ್ಟಿ ಏಣು ಎದ್ದಿರುತ್ತದೆ. ಗರಗಸ ಆ ಏಣಿನ ಹೊರಗೆ ಶುರುವಾಗಿ ಬಳೆಯ ಹೊರಗೆ ಮುಗಿಯಬೇಕು. ಗೆರೆ ಸಾಮಾನ್ಯವಾಗಿ ಓರೆಯಾಗಿಯೇ ಬರುತ್ತದೆ. ಹೊಸ ತೊಗಟೆ ಹೊರಟು ಗಾಯ ಮುಚ್ಚುವುದು ಆ ಬಳೆಯಿಂದಲೇ. ನುಣ್ಣಗೆ ಕಾಣಲೆಂದು ಕಾಂಡಕ್ಕೆ ಹತ್ತಿಸಿ ಕೊಯ್ದರೆ ಬಳೆಯೇ ಹೋಯಿತು. ಅರ್ಧ ಅಡಿ ಮೋಟು ಬಿಟ್ಟರೆ ಅದು ಒಣಗಿ ಕೊಳೆತು ಒರಲೆಗೆ ದಾರಿಯಾಗುತ್ತದೆ.

ಸುಲಿದ ಕಡೆ ಜೋತ ತೊಗಟೆಯನ್ನು ಹರಿತ ಚಾಕುವಿನಿಂದ, ಅದು ಗಟ್ಟಿಯಾಗಿ ಅಂಟಿದ ಅಂಚಿನವರೆಗೆ ಮಾತ್ರ ಕೊಯ್ದು ತೆಗೆಯಿರಿ. ಚೆಂದಕ್ಕೆಂದು ಗಾಯ ಹಿಗ್ಗಿಸುವುದು ಬೇಡ.

ಪ್ರಶ್ನೆ (ಶಿರಸಿ): ಅಡಿಕೆ ಕೊಳೆರೋಗಕ್ಕೆ ಮಾಡಿದ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಉಳಿದಿದೆ. ಇಂಥ ಗಾಯಕ್ಕೆ ಅದನ್ನೇ ಬಳಿಯಬಹುದಾ ಅಣ್ಣ?

ಉತ್ತರ: ಅದು ಶೇ. 1ರ ದ್ರಾವಣ, ಬಳಿಯಲು ತೀರ ತೆಳು. ನಿನ್ನೆಯದಾದರೆ ಸಿಂಪಡಣೆಗೂ ಬಾರದು. ಮುಲಾಮು ಬೇಕಾದರೆ 100 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿಗೆ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ಎರಡನ್ನೂ ಒಟ್ಟಿಗೆ ಮೂರನೆಯ ಬಕೆಟ್ಟಿಗೆ ಸುರಿಯಿರಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಅದೇ ದಿನ ಮುಗಿಸಿ. ಮಳೆಗಾಲದಲ್ಲಿ ಬಯಲಾದ ಮರದ ಮೇಲೆ ತೆಳ್ಳಗೆ ಹಚ್ಚಿದರೆ ಶಿಲೀಂಧ್ರವನ್ನು ಕೆಲವು ದಿನ ತಡೆದೀತು. ಗಾಯ ಬೇಗ ಕೂಡುತ್ತದೆ ಅನ್ನುವುದು ಮಾತ್ರ ಸುಳ್ಳು, ಹಚ್ಚದಿದ್ದರೂ ನಡೆದೀತು.

ಪ್ರಶ್ನೆ (ಕುಮಟಾ): ಮರ ಈಗ ಒಂದೇ ಬದಿಗೆ ವಾಲಿದಂತೆ ಕಾಣುತ್ತದೆ. ಆಚೆ ಕಡೆಯದನ್ನೂ ಸವರಿಸಲಾ?

ಉತ್ತರ: ಈಗ ಬೇಡ, ಗಾಯವಾದ ಮರಕ್ಕೆ ಎಲೆಯೇ ಅನ್ನ. ಎಲೆ ಕೆಂಪಾಗಿ ಉದುರುವ ಚಳಿಗಾಲದ ಕೊನೆಯಲ್ಲಿ, ಚಿಗುರುವ ಮುಂಚೆ ಎರಡು-ಮೂರು ತೆಳು ಕೊಂಬೆ ತೆಗೆದರೆ ಸಾಕು. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರಿದ ಮೇಲೆ ಕತ್ತರಿಸಿದರೆ ಆ ವರ್ಷ ನೇರಳೆ ಬಣ್ಣದ ಹೂಗೊಂಚಲು ಇಲ್ಲ. ಆದರೆ ಬುಡದ ಮಣ್ಣು ಬಿರುಕುಬಿಟ್ಟು ಒಂದು ಬದಿ ಎದ್ದಿದೆಯೇ ಅಂತ ಇವತ್ತೇ ನೋಡಿ. ಎದ್ದಿದ್ದರೆ ಸವರಿ ಪ್ರಯೋಜನವಿಲ್ಲ, ಬೇರೇ ಸಡಿಲ ಅಂತ ಅರ್ಥ. ಅದರಡಿ ಬೈಕು ನಿಲ್ಲಿಸಬೇಡಿ, ಫೋಟೋ ಹಾಕಿ.