ಮಾಳಿಗೆ ಕೋಣೆಯಲ್ಲಿ ಒಬ್ಬರೇ ಇರುವ ಅಪ್ಪನಿಗೆ ಏನು ಕೊಡಲಿ? (ಪ್ರಶ್ನೋತ್ತರ)

ಪ್ರಶ್ನೆ (ಸದಸ್ಯರು, ಕಲಬುರಗಿ): ನಮಸ್ಕಾರ ರೀ ಮೇಡಂ. ನಮ್ಮಪ್ಪನಿಗೆ 58 ವರ್ಷ. ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಹೋದ ವಾರ ಮಾತ್ರೆ ಶುರುವಾಗಿದೆ. ಮನೆಯಲ್ಲಿ ನನ್ನ ಸಣ್ಣ ಮಗು ಇದೆ, ಅದಕ್ಕೇ ಅವರನ್ನು ಮಾಳಿಗೆ ಮೇಲಿನ ಕೋಣೆಯಲ್ಲಿ ಇರಿಸಿದ್ದೇವೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ರಾತ್ರಿವರೆಗೆ ಗಿರಾಕಿಗಳ ಜೊತೆ ಮಾತಾಡುತ್ತಾ ಕೂರುವ ಮನುಷ್ಯ. ಈಗ ಹಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಟಿವಿ ಹಾಕಿಕೊಟ್ಟೆವು, ನೋಡುತ್ತಿಲ್ಲ. ಪುಸ್ತಕ ತಂದುಕೊಟ್ಟೆವು, ಮುಟ್ಟಿಲ್ಲ. ಹೊತ್ತು ಹೋಗಲು ಇನ್ನೇನು ಕೊಡಬಹುದು?

ಉತ್ತರ (ಆಪ್ತಸಮಾಲೋಚಕಿ): ನಿಮ್ಮಪ್ಪನಿಗೆ ಹೊತ್ತು ಹೋಗುವುದಲ್ಲ, ಅಂಗಡಿ ವಾಪಸ್ ಬೇಕಾಗಿದೆ ಅನ್ನಿಸುತ್ತದೆ. ಉದ್ರಿ ಪುಸ್ತಕ ಮೇಲೆ ಕಳಿಸಿ. ಯಾರ ಬಾಕಿ ಎಷ್ಟು, ತೊಗರಿ ಮಾರಿದ ಮೇಲೆ ಕೊಡ್ತೀನಿ ಅಂದವರು ಯಾರು, ಇದೆಲ್ಲ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಸಂಜೆ 7ಕ್ಕೆ ಲೆಕ್ಕ ಕೈಗೆ ಬೇಕು ಅಂತ ಹೇಳಿ. ಹೋಲ್‌ಸೇಲ್‌ನವರಿಗೆ ಫೋನ್ ಹಚ್ಚಿ ಬೇಳೆ, ಸಕ್ಕರೆ, ಎಣ್ಣೆ ತರಿಸುವುದೂ ಅವರಿಗೇ ಇರಲಿ. ಸುಮ್ನೆ ತೋರಿಕೆಗೆ ಮಾತ್ರ ಕೊಡಬೇಡಿ. ಅವರು ಮಾಡಿದ ಲೆಕ್ಕವನ್ನು ನೀವು ಕೆಳಗೆ ಕೂತು ಇನ್ನೊಮ್ಮೆ ಮಾಡಿದರೆ ಅವರಿಗೆ ಗೊತ್ತಾಗದೆ ಇರಲ್ಲ. ವ್ಯಾಪಾರದಲ್ಲಿ ಕೂದಲು ಬೆಳ್ಳಗಾದವರು ಅಲ್ವಾ.

"ಮನಸ್ಸಾದಾಗ ನೋಡ್ತೀನಿ" ಅನ್ನಬಹುದು. ಅದಕ್ಕೆ ಕಾಯಬೇಡಿ. ಮನಸ್ಸು ಕುಗ್ಗಿದಾಗ ಮೊದಲು ಕೈ ಆಡಬೇಕು, ಹುಮ್ಮಸ್ಸು ಹಿಂದಿನಿಂದ ಬರುತ್ತದೆ. ಖಿನ್ನತೆಗೆ ನಾವು ಬಳಸುವ ಒಂದು ಮುಖ್ಯ ವಿಧಾನವೇ ಇದು. ಆದರೆ ಟಿಬಿ ಮೈಯ ಕಸುವನ್ನೂ ಹಿಂಡಿರುತ್ತದೆ. ಅದಕ್ಕೆ ಮೊದಲು ಅರ್ಧ ತಾಸಿನ ಕೆಲಸ ಸಾಕು.

ನಿದ್ದೆಗೆ ಒಂದೇ ಹಿಡಿತ: ಏಳುವ ಹೊತ್ತು. ರಾತ್ರಿ ಎಷ್ಟಕ್ಕೇ ಮಲಗಲಿ, ಬೆಳಿಗ್ಗೆ 6ಕ್ಕೆ ಎಬ್ಬಿಸಿ ಮಾಳಿಗೆ ಮೇಲೆ ನಡೆಸಿ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, 8 ದಾಟಿದರೆ ಅಲ್ಲಿ ಕಾಲಿಡೋಕಾಗಲ್ಲ. ಮಧ್ಯಾಹ್ನ ಅರ್ಧ ತಾಸು ಮಲಗಿದರೆ ತಪ್ಪಿಲ್ಲ, ನಾಲ್ಕು ತಾಸು ಬೇಡ.

ಪ್ರಶ್ನೆ (ಅದೇ ಸದಸ್ಯರು): ಪುಸ್ತಕ ಮೇಲೆ ಹೋಗಿ ಕೆಳಗೆ ಬಂದರೆ ಅಂಟುವುದಿಲ್ಲವೇ? ನಾವು ಅವರ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಮಾಡಿದ್ದೇವೆ. ಇನ್ನೊಂದು ಮಾತು. ಮಾಳಿಗೆ ಮೇಲೆ ನಡೆಸೋದು ಕಷ್ಟ. ಅಪ್ಪ ಸೊಲ್ಲಾಪುರಕ್ಕೆ ನಮ್ಮತ್ತೆ ಮನೆಗೆ ಹೋಗಿದ್ದಾರೆ ಅಂತ ಓಣಿಯಲ್ಲಿ ಹೇಳಿಬಿಟ್ಟಿದ್ದೇವೆ.

ಉತ್ತರ: ಹಾಗಾದರೆ ವಿಷಯ ಇಲ್ಲಿದೆ ನೋಡಿ.

ಶ್ವಾಸಕೋಶದ ಟಿಬಿ ಗಾಳಿಯಿಂದ ಹರಡುತ್ತದೆ. ರೋಗಿ ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹೊರಬೀಳುವ ಸಣ್ಣ ಹನಿಗಳಿಂದ. ತಟ್ಟೆ, ಬಟ್ಟೆ, ನೋಟು, ಲೆಕ್ಕದ ಪುಸ್ತಕದಿಂದ ಹರಡುವುದಿಲ್ಲ. ತಟ್ಟೆಯನ್ನು ಎಂದಿನಂತೆ ತೊಳೆದರೆ ಸಾಕು. ತನ್ನ ತಟ್ಟೆಯನ್ನು ಬಾಗಿಲ ಹೊರಗೆ ಬೇರೆ ಇಟ್ಟಿದ್ದನ್ನು ದಿನಕ್ಕೆ ಎರಡು ಸಲ ನೋಡುವವರ ಮನಸ್ಸಿಗೆ ಏನಾಗುತ್ತದೆ, ನೀವೇ ಯೋಚಿಸಿ.

ಮುಚ್ಚಿದ ಕೋಣೆಯಲ್ಲಿ ಅಪಾಯ ಜಾಸ್ತಿ, ತೆರೆದ ಗಾಳಿಯಲ್ಲಿ ಕಡಿಮೆ. ಅಂದರೆ ಮಾಳಿಗೆಯೇ ಅವರಿಗೆ ಒಳ್ಳೆಯ ಜಾಗ. ಡಾಕ್ಟರು ಹೇಳಿದ್ದು ಬೇರೆ ಮಲಗಿ, ಮಾಸ್ಕ್ ಹಾಕಿ, ಗಾಳಿ ಆಡಲಿ ಅಂತ ಇರಬೇಕು. ಕಿಟಕಿ ಮುಚ್ಚಿ ಬಚ್ಚಿಡಿ ಅಂತ ಯಾವ ಡಾಕ್ಟರೂ ಹೇಳಲ್ಲ. ಅವರನ್ನು ಬಚ್ಚಿಟ್ಟಿದ್ದು ನೀವು ಹೇಳಿದ ಸೊಲ್ಲಾಪುರದ ಸುಳ್ಳು. ಕೆಮ್ಮು ಕೇಳಿಸಬಾರದು, ಮುಖ ಕಾಣಬಾರದು, ಫೋನ್ ಎತ್ತಬಾರದು ಅಂದರೆ ಯಾರಾದರೂ ಗೋಡೆ ಕಡೆ ತಿರುಗಿಯೇ ಮಲಗುತ್ತಾರೆ. ಓಣಿಗೆಲ್ಲ ಟಿಬಿ ಅಂತ ಸಾರಬೇಕಿಲ್ಲ. "ಎದೆಯಲ್ಲಿ ಸೋಂಕಾಗಿದೆ, ಔಷಧಿ ನಡೆದಿದೆ, ಮನೆಯಲ್ಲೇ ಇದ್ದಾರೆ" ಅಂದರೆ ಸುಳ್ಳೂ ಅಲ್ಲ, ಜಾಸ್ತಿಯೂ ಅಲ್ಲ. ಹಾಗೆ ಹೇಳುವ ಮೊದಲು ಅಪ್ಪನನ್ನು ಒಂದು ಮಾತು ಕೇಳಿ. ಹಳೆಯ ಗಿರಾಕಿ ಒಬ್ಬರು ಕೆಳಗೆ ನಿಂತು "ಏನ್ರೀ ಸಾವುಕಾರ್ರ, ಆರಾಮಿದ್ದೀರಾ?" ಅಂದರೆ ಅದಕ್ಕಿಂತ ದೊಡ್ಡ ಔಷಧಿ ನನ್ನ ಹತ್ತಿರ ಇಲ್ಲ.

ಸರಿಯಾದ ಔಷಧಿ ಬಿದ್ದ ಮೇಲೆ ಸಾಮಾನ್ಯವಾಗಿ 2 ವಾರದಲ್ಲಿ ಹರಡುವ ಶಕ್ತಿ ತುಂಬಾ ಇಳಿಯುತ್ತದೆ. ಯಾವಾಗ ಕೆಳಗೆ ಬರಬಹುದು ಅಂತ ಡಾಕ್ಟರನ್ನು ಕೇಳಿ, ಕ್ಯಾಲೆಂಡರ್‌ನಲ್ಲಿ ಅಪ್ಪನ ಕೈಯಲ್ಲೇ ಗುರುತು ಹಾಕಿಸಿ. ಮಾತ್ರೆ ಮಾತ್ರ ಸಾಮಾನ್ಯವಾಗಿ ಪೂರ್ತಿ 6 ತಿಂಗಳು. ಮಗುವನ್ನು, ಮನೆಯ ಉಳಿದವರನ್ನು ಪರೀಕ್ಷೆ ಮಾಡಿಸಿದಿರಾ? ರೋಗ ಬರದಂತೆ ತಡೆಯುವ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನೊಬ್ಬ ಸದಸ್ಯರು (ಬೀದರ್): ಏನೂ ಚಿಂತೆ ಬೇಡ ಅಣ್ಣಾ. ಧೈರ್ಯವಾಗಿರಿ, ಒಳ್ಳೆಯದನ್ನೇ ಯೋಚಿಸಿ ಅಂತ ಅಪ್ಪನಿಗೆ ದಿನಾ ಹೇಳಿ. ನಾನು ಕೆಲವು ಸುವಿಚಾರ ಕಳಿಸುತ್ತೇನೆ.

ಉತ್ತರ: ನಿಮ್ಮ ಕಾಳಜಿ ದೊಡ್ಡದು ಅಣ್ಣಾರೆ. ಆದರೆ ಧೈರ್ಯವಾಗಿರಿ ಅಂದಾಗ ಎದುರಿನವರು "ಹೂಂ" ಅಂದು ಸುಮ್ಮನಾಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. "ನಿನ್ನೆ ರಾತ್ರಿ ಎದ್ದು ಕೂತಾಗ ಏನು ಯೋಚನೆ ಬಂತು?" ಅಂತ ಕೇಳಿದರೆ ನಾಲ್ಕು ಮಾತು ಬರುತ್ತವೆ. ಸುವಿಚಾರ ಬೆಳಿಗ್ಗೆ ಒಂದು ಸಾಕು!

ಇದೇ ಸಂದರ್ಭದಲ್ಲಿ ಎಲ್ಲರಿಗೂ ಹೇಳಿಬಿಡುತ್ತೇನೆ. ಬೇಸರ ಬೇರೆ, ಖಿನ್ನತೆ ಬೇರೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಮನೋವೈದ್ಯರಿಗೆ ತೋರಿಸಿ. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಮೊದಲು ಸಾಗಿಸಿ. 14416 ಟೆಲಿ ಮಾನಸ್ ಸಹಾಯವಾಣಿ, ದಿನದ 24 ತಾಸೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಔಷಧಿಗೆ ಬಗ್ಗದ ಟಿಬಿ ಇರುವವರಿಗೆ ಕೊಡುವ ಸೈಕ್ಲೋಸೆರಿನ್ ಎಂಬ ಮಾತ್ರೆಯಿಂದಲೇ ಕೆಲವರ ಮನಸ್ಸು ಕೆಡುತ್ತದೆ. ಅಂಥ ಬದಲಾವಣೆ ಕಂಡರೆ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಪ್ರಶ್ನೆ (ಮೊದಲ ಸದಸ್ಯರು): ಅಪ್ಪನ ಕೋಣೆಗೆ ಕೂಲರ್ ಇಟ್ಟಿದ್ದೇವೆ. ನಡೆಯುತ್ತದಾ ರೀ?

ಉತ್ತರ: ನಡೆಯುತ್ತದೆ. ಹೊರಗಿನ ಗಾಳಿ ಎಳೆಯುವ ಹಾಗೆ ಕಿಟಕಿಯಲ್ಲಿಡಿ, ಎದುರಿನ ಕಿಟಕಿ ತೆರೆದಿರಲಿ. ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕುವುದು ಬೇಡ.

ಪ್ರಶ್ನೆ (ಸದಸ್ಯೆ, ಯಾದಗಿರಿ): ಮೇಡಂ, ನನ್ನದೂ ಒಂದು. ಬಿ.ಎಡ್ ಓದುತ್ತಿದ್ದೇನೆ. ನನಗೆ ಚಿಕನ್‌ಪಾಕ್ಸ್ ಆಗಿದೆ. ಅಮ್ಮ ಬಂದಾಳೆ ಅಂತ ಆಯಿ ಕತ್ತಲೆ ಕೋಣೆಯಲ್ಲಿ ಬೇವಿನ ಸೊಪ್ಪು ಹಾಕಿ ಕೂರಿಸಿದ್ದಾರೆ. ರಾತ್ರಿ 3ರವರೆಗೆ ಫೋನ್ ನೋಡುತ್ತೇನೆ, ಬೆಳಿಗ್ಗೆ ಅಳು ಬರುತ್ತದೆ.

ಉತ್ತರ: ಆಯಿಯ ಬೇವು ಇರಲಿ, ಕತ್ತಲೆ ಮಾತ್ರ ಬೇಡ ತಂಗಿ. ಹಗಲು ಪರದೆ ಸರಿಸು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಬೇರೆ ಇರಬೇಕು, ಹೆಚ್ಚುಕಡಿಮೆ ಒಂದು ವಾರ ಅಷ್ಟೇ. ರಾತ್ರಿ 10ಕ್ಕೆ ಫೋನ್ ಚಾರ್ಜಿಗೆ ಹಾಕಲು ಆಯಿ ಕೈಗೆ ಕೊಡು. ಹಗಲು ಒಬ್ಬ ಗೆಳತಿಗೆ ಕರೆ ಮಾಡಿ ಇಬ್ಬರೂ ಒಂದೇ ಪಾಠ ಓದಿ, ನೀನು ಅವಳಿಗೆ ಪಾಠ ಹೇಳು. ಹೇಗೂ ಟೀಚರ್ ಆಗುವವಳು. ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರಾ?

ಸದಸ್ಯೆ: ಅತ್ತಿಗೆಗೆ ಐದು ತಿಂಗಳು.

ಉತ್ತರ: ಹಾಗಾದರೆ ಇವತ್ತೇ ಅತ್ತಿಗೆ ಅವರ ಡಾಕ್ಟರಿಗೆ ಫೋನ್ ಮಾಡಲಿ. ಅವರಿಗೆ ಹಿಂದೆ ಚಿಕನ್‌ಪಾಕ್ಸ್ ಬಂದಿತ್ತಾ ಅಂತ ಮೊದಲು ಕೇಳುತ್ತಾರೆ, ಅವರ ತಾಯಿಯನ್ನು ಕೇಳಿ ತಿಳಿದಿಟ್ಟುಕೊಳ್ಳಿ. ಅಲ್ಲಿಯವರೆಗೆ ನಿನ್ನ ಊಟ ಆಯಿಯೇ ತರಲಿ. ಆಯಿಗೂ ಹಿಂದೆ ಬಂದು ಹೋಗಿದೆಯಾ ಅಂತ ಕೇಳಿಕೋ.