26 ಒತ್ತಿದ್ರೆ ಏಳುತ್ತೋ, ಮಲಗುತ್ತೋ?

ಸೀನ: ನಮ್ಮ ಬದಲು ಫೋನ್ ನಡೆಸೋ ಈ ಏಐ ಏಜೆಂಟ್‌ಗೆ ಬೆರಳೇ ಇಲ್ಲ, ಫೋನ್ ಬಟನ್ ಹೆಂಗಪ್ಪಾ ಒತ್ತುತ್ತೆ?

ಗಿರಿಜಾ: ಆಂಡ್ರಾಯ್ಡ್ ಆದ್ರೆ ಎಡಿಬಿ ಇದೆಯಲ್ಲೋ, ಕಂಪ್ಯೂಟರ್‌ನಿಂದ ಫೋನಿಗೆ ಅಪ್ಪಣೆ ಕೊಡೋ ಸಾಧನ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಕುಟ್ಟಿದ್ರೆ ಡೆವಲಪರ್ ಆಪ್ಷನ್ಸ್ ತೆರ್ಕೊಳ್ಳುತ್ತೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ಅದರ ಕಮಾಂಡ್ ವಿಂಡೋದಲ್ಲಿ ‘ಎಡಿಬಿ ಡಿವೈಸಸ್’ ಅಂತ ಹೊಡಿ, ಸಿಕ್ಕಿರೋ ಫೋನ್‌ಗಳ ಪಟ್ಟಿ ಬರುತ್ತೆ. ‘ಅನ್‌ಆಥರೈಸ್ಡ್’ ಅಂದ್ರೆ ಫೋನಿನ ಸ್ಕ್ರೀನ್ ನೋಡು, ‘ಅಲೋ ಮಾಡ್ಲಾ’ ಅಂತ ಕೇಳ್ಕೊಂಡು ಕೂತಿರುತ್ತೆ.

ಮೂರ್ತಿ: ಪಟ್ಟಿ ಖಾಲಿ ಬಂದ್ರೆ ಮೊದಲು ಕೇಬಲ್ ಬದಲಾಯಿಸು. ಬರೀ ಚಾರ್ಜ್ ಮಾಡೋ ಕೇಬಲ್‌ಗೆ ಡೇಟಾ ತಂತಿನೇ ಇರಲ್ಲ. ಡ್ರೈವರ್ ಗಿವರ್ ಅಂತ ತಲೆ ಕೆಡಿಸ್ಕೊಳ್ಳೋದು ಆಮೇಲೆ.

ಗಿರಿಜಾ: ಇನ್ನು ಬಟನ್‌ಗೊಂದು ನಂಬರು. ‘ಎಡಿಬಿ ಶೆಲ್ ಇನ್‌ಪುಟ್ ಕೀಇವೆಂಟ್’ ಮುಂದೆ 3 ಹಾಕಿದ್ರೆ ಹೋಮ್, 4 ಬ್ಯಾಕ್, 24 ಸೌಂಡ್ ಜಾಸ್ತಿ, 25 ಕಮ್ಮಿ, 26 ಪವರ್.

ಸೀನ: ಅಂದ್ರೆ ಏಜೆಂಟ್ ಕೆಲಸ ಶುರು ಮಾಡೋ ಮುಂಚೆ 26 ಕೊಟ್ಟು ಎಬ್ಬಿಸ್ಬೇಕು.

ಮೂರ್ತಿ: ಅಲ್ಲೇ ಕೆಡೋದು! 26 ಅಂದ್ರೆ ಎದ್ದಿದ್ರೆ ಮಲಗಿಸುತ್ತೆ, ಮಲಗಿದ್ರೆ ಎಬ್ಬಿಸುತ್ತೆ. ಆಗಲೇ ಎದ್ದಿರೋ ಫೋನಿಗೆ 26 ಕೊಡ್ತು ಅನ್ನು, ಸ್ಕ್ರೀನ್ ಕಪ್ಪು. ‘ಓಹೋ, ಮಲಗಿದೆ’ ಅಂತ ಇನ್ನೊಂದು 26. ಆನ್ ಆಯ್ತು, ಆದ್ರೆ ಲಾಕ್ ಸ್ಕ್ರೀನ್. ‘ಇದೇನಿದು, ಮತ್ತೆ ಮೊದಲಿಂದ ಮಾಡೋಣ’ ಅಂತ ಇನ್ನೊಂದು. ಬೆಳಗಿನ ತನಕ ಜೋಗುಳ, ಸುಪ್ರಭಾತ, ಜೋಗುಳ, ಸುಪ್ರಭಾತ. ಎಬ್ಬಿಸೋಕೆ 224, ಮಲಗಿಸೋಕೆ 223 ಅಂತ ಬೇರೆ ಬೇರೆ ಇವೆ. ಅವನ್ನ ಎಷ್ಟು ಸಲ ಕೊಟ್ರೂ ಉಲ್ಟಾ ಹೊಡೆಯಲ್ಲ.

ಗಿರಿಜಾ: ಬ್ಯಾಕ್‌ದೂ ಒಂದು ತಕರಾರಿದೆ. ಕೀಬೋರ್ಡ್ ತೆರೆದಿದ್ರೆ 4 ಕೊಟ್ಟಾಗ ಕೀಬೋರ್ಡ್ ಮಾತ್ರ ಇಳಿಯುತ್ತೆ, ಪೇಜ್ ಅಲ್ಲೇ ಇರುತ್ತೆ. ಏಜೆಂಟ್ ಮಾತ್ರ ಹಿಂದೆ ಹೋದೆ ಅಂದ್ಕೊಂಡು ಮುಂದಿನ ಬಟನ್ ಒತ್ತುತ್ತೆ. ಅದಕ್ಕೇ ಒಂದೊಂದು ಒತ್ತಿಗೂ ಒಂದು ಸ್ಕ್ರೀನ್‌ಶಾಟ್ ತೆಗೆಸ್ಬೇಕು. ಒತ್ತೋದೇನು ಮಹಾ, ಒತ್ತಿದ್ಮೇಲೆ ಏನಾಯ್ತು ಅಂತ ನೋಡೋದೇ ಕೆಲಸ.

ಸೀನ: ಸ್ಕ್ರೀನ್ ಮೇಲಿರೋ ಬಟನ್‌ಗೆ ನಂಬರ್ ಇಲ್ವಲ್ಲ?

ಗಿರಿಜಾ: ‘ಇನ್‌ಪುಟ್ ಟ್ಯಾಪ್’ ಅಂತ ಹೇಳಿ ಜಾಗ ಕೊಡ್ಬೇಕು. ‘ಯುಐಆಟೊಮೇಟರ್ ಡಂಪ್’ ಹೊಡೆದ್ರೆ ಸ್ಕ್ರೀನಿನ ಜಾತಕ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರುತ್ತೆ. ‘ಕಳಿಸು’ ಬಟನ್ 840,2100 ಇಂದ 1040,2220 ವರೆಗೆ ಇದೆ ಅನ್ನು (ಮೊದಲನೇದು ಎಡದಿಂದ, ಎರಡನೇದು ಮೇಲಿಂದ ಎಷ್ಟು ಪಿಕ್ಸೆಲ್ ಅಂತ). ನಡುವೆ ಒತ್ತು: 940, 2160. ಒತ್ತಿ ಹಿಡೀಬೇಕಾದ್ರೆ ಅದೇ ಜಾಗದಿಂದ ಅದೇ ಜಾಗಕ್ಕೆ ಸ್ವೈಪ್, 1000 ಮಿಲಿಸೆಕೆಂಡ್.

ಮೂರ್ತಿ: ಸ್ಕ್ರೀನ್ ಮೇಲೆ ಏನಾದ್ರೂ ಕುಣೀತಾ ಇದ್ರೆ ಡಂಪ್ ‘ಐಡಲ್ ಸ್ಟೇಟ್ ಸಿಗ್ಲಿಲ್ಲ’, ಅಂದ್ರೆ ಸ್ಕ್ರೀನ್ ಸುಮ್ನೆ ನಿಲ್ಲಲೇ ಇಲ್ಲ ಅಂತ ಕೈಚೆಲ್ಲುತ್ತೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಮೂರು ಅನಿಮೇಷನ್ ಸ್ಕೇಲ್‌ಗಳನ್ನೂ ಆಫ್ ಮಾಡಿದ್ರೆ ಸುಮಾರು ಮಟ್ಟಿಗೆ ಸರಿಹೋಗುತ್ತೆ. ಓಡೋ ವಿಡಿಯೊ, ಗೇಮ್ ಇದ್ರೆ ಡಂಪ್ ನೆಚ್ಕೊಬೇಡ, ಸ್ಕ್ರೀನ್‌ಶಾಟ್ ನೋಡಿಯೇ ಒತ್ತಿಸ್ಬೇಕು. ಅಲ್ಲಿ ಲೆಕ್ಕ ತಪ್ಪುತ್ತೆ ನೋಡು. ಫೋನ್ 1080 ಬೈ 2400, ಏಜೆಂಟ್‌ನ ತಲೆಯಾದ ಏಐ ಮಾಡೆಲ್‌ಗೆ ಕಳ್ಸಿದ ಚಿತ್ರ 540 ಬೈ 1200. ಅದು 470, 1080 ಅನ್ನುತ್ತೆ, ನೀನು ಎರಡರಿಂದ ಗುಣಿಸ್ದೆ ಹಂಗೇ ಒತ್ತಿಸ್ತೀಯ. ‘ಕಳಿಸು’ ಬದಲು ಚಾಟ್ ನಡುವೆ ಇರೋ ಯಾರ್ದೋ ಮದುವೆ ಫೋಟೊ ತೆರ್ಕೊಳ್ಳುತ್ತೆ.

ಸೀನ: ಕನ್ನಡದಲ್ಲಿ ಟೈಪ್ ಮಾಡಿಸ್ಬಹುದಾ?

ಗಿರಿಜಾ: ‘ಇನ್‌ಪುಟ್ ಟೆಕ್ಸ್ಟ್’ಗೆ ಇಂಗ್ಲಿಷ್ ಅಷ್ಟೇ ಗೊತ್ತು. ಸ್ಪೇಸ್ ಬೇಕಾದ್ರೂ ಶೇಕಡಾ ಚಿಹ್ನೆ ಹಾಕಿ ಎಸ್ ಅಂತ ಬರೀಬೇಕು. ‘ನಮಸ್ಕಾರ’ ಅಂತ ಕೊಟ್ರೆ ಎರರ್ ಹೊಡ್ಕೊಂಡು ಬೀಳುತ್ತೆ. ಎಡಿಬಿ ಕೀಬೋರ್ಡ್ ಅಂತ ಒಂದು ಆಪ್ ಇದೆ, ಅದನ್ನ ಹಾಕಿ ಫೋನಿನ ಕೀಬೋರ್ಡ್ ಆಗಿ ಆರಿಸ್ಕೊಂಡು, ಅದರದ್ದೇ ಕಮಾಂಡ್ ಕೊಟ್ರೆ ಕನ್ನಡವೂ ಹೋಗುತ್ತೆ.

ಸೀನ: ಕೇಬಲ್ ಇಲ್ದೆ?

ಗಿರಿಜಾ: ಆಂಡ್ರಾಯ್ಡ್ 11 ಇಂದ ವೈರ್‌ಲೆಸ್ ಡೀಬಗ್ಗಿಂಗ್ ಇದೆ. ‘ಎಡಿಬಿ ಪೇರ್’ ಕೊಟ್ಟು ಫೋನ್ ತೋರ್ಸೋ 6 ಅಂಕಿ ಹಾಕು. ಪೇರ್ ಮಾಡೋ ಪೋರ್ಟ್, ಅಂದ್ರೆ ಒಳಗೆ ಹೋಗೋ ಬಾಗಿಲಿನ ನಂಬರು ಬೇರೆ, ಕನೆಕ್ಟ್ ಮಾಡೋ ಪೋರ್ಟ್ ಬೇರೆ. ಜನ ಒದ್ದಾಡೋದೆಲ್ಲ ಇಲ್ಲೇ.

ಮೂರ್ತಿ: ಹಳೇ ಪದ್ಧತಿ 5555 ಪೋರ್ಟ್ ತೆರೆದಿಟ್ಟು ಮರೀಬೇಡ. 2018ರಲ್ಲಿ ಎಡಿಬಿ ಮೈನರ್ ಅನ್ನೋ ಕಂಪ್ಯೂಟರ್ ಹುಳ (ತಾನೇ ಹರಡೋ ಕೆಟ್ಟ ಪ್ರೋಗ್ರಾಂ) ಅದೇ ಬಾಗಿಲಲ್ಲಿ ನುಗ್ಗಿ, ಕಂಡವರ ಫೋನ್, ಟಿವಿ ಬಾಕ್ಸ್‌ಗಳಲ್ಲಿ ಕ್ರಿಪ್ಟೊ ಅಗೀತಾ ಇತ್ತು.

ಸೀನ: ಸರಿ, ಬ್ಯಾಂಕ್ ಕೆಲಸಾನೂ ಇದಕ್ಕೇ ಹಚ್ಚಿದ್ರೆ?

ಮೂರ್ತಿ: ಅಂಥ ಎಷ್ಟೋ ಆಪ್‌ಗಳು ಸ್ಕ್ರೀನ್‌ಶಾಟ್ ತಡೆಯೋ ಫ್ಲ್ಯಾಗ್ ಹಾಕಿರ್ತವೆ, ಚಿತ್ರ ಕಪ್ಪಗೆ ಬರುತ್ತೆ. ಪಿನ್ನು, ಓಟಿಪಿ ನೀನೇ ಹಾಕು ಮಾರಾಯ. ಏಜೆಂಟ್ ಸ್ಕ್ರೀನ್ ಮೇಲೆ ಕಂಡಿದ್ದನ್ನೆಲ್ಲ ಓದುತ್ತೆ, ಓದಿದ್ದನ್ನ ಒಮ್ಮೊಮ್ಮೆ ಅಪ್ಪಣೆ ಅಂದ್ಕೊಳ್ಳುತ್ತೆ. ‘ಈ ಮೆಸೇಜನ್ನು 11 ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ’ ಅಂತ ದೊಡ್ಡಮ್ಮನ ಫಾರ್ವರ್ಡ್ ಬಂತು ಅನ್ನು, ಭಕ್ತಿಯಿಂದ 11 ಜನರಿಗೂ ಕಳ್ಸಿಬಿಡಬಹುದು!

ಗಿರಿಜಾ: ಅದಕ್ಕೇ ‘ಕಳಿಸು’, ‘ಪಾವತಿಸು’, ‘ಅಳಿಸು’ ಈ ಮೂರು ಬಟನ್ ಮುಂದೆ ಏಜೆಂಟ್ ನಿಂತು ಮನುಷ್ಯರನ್ನ ಕೇಳೋ ಹಾಗೆ ಕಟ್ಟಿಹಾಕ್ಬೇಕು. ಮನುಷ್ಯರು ಹೂಂ ಅಂದ್ರೆ ಮಾತ್ರ ಒತ್ತು ಅಂತ.

ಸೀನ: ಆ ಮನುಷ್ಯರು ನಮ್ಮ ದೊಡ್ಡಮ್ಮನೇ ಆದ್ರೆ?